ಬಳಸಿದ ಲೂಯಿ ವಿಟಾನ್ ಬ್ಯಾಗ್ ಕೊಳ್ಳುವ ಮುನ್ನ: ಅಸಲಿಯೋ ನಕಲಿಯೋ ನೋಡುವುದು ಹೇಗೆ?

ನನ್ನ ಚಿಕ್ಕಮ್ಮನ ಮಗಳು ಎರಡು ವರ್ಷ ದುಡ್ಡು ಕೂಡಿಟ್ಟು, ಆನ್‌ಲೈನ್‌ನಲ್ಲಿ ಫ್ರಾನ್ಸಿನ ದುಬಾರಿ ಬ್ರ್ಯಾಂಡ್ ಲೂಯಿ ವಿಟಾನ್‌ನ ‘ಸ್ಪೀಡಿ’ ಅನ್ನುವ ಮಾಡೆಲ್‌ನ ಬಳಸಿದ ಬ್ಯಾಗ್ ಕೊಂಡಳು. ಬಂದದ್ದು ನಕಲಿ. ಮಾರಿದವರು ಮತ್ತೆ ಫೋನ್ ಎತ್ತಲೇ ಇಲ್ಲ. ಎಲ್ಲೆಲ್ಲಿ ಕಣ್ಣು ಹಾಯಿಸಬೇಕು ಅಂತ ಗೊತ್ತಿದ್ದರೆ ಹತ್ತು ನಿಮಿಷದಲ್ಲಿ ತಿಳಿದುಬಿಡುತ್ತಿತ್ತು. ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾರುವವರ ಮಾತು ಕೇಳಿಸಿಕೊಳ್ಳಿ. ಈ ಕಂಪನಿ ಹೊಸ ಬ್ಯಾಗ್‌ಗಳನ್ನು ತನ್ನದೇ ಅಂಗಡಿಗಳಲ್ಲಿ ಮತ್ತು ತನ್ನ ವೆಬ್‌ಸೈಟ್‌ನಲ್ಲಿ ಮಾತ್ರ ಮಾರುತ್ತದೆ. ಬೆಂಗಳೂರಿನವರಿಗೆ ಯುಬಿ ಸಿಟಿಯ ಅಂಗಡಿ ಗೊತ್ತೇ ಇದೆ. ಡಿಸ್ಕೌಂಟ್ ಸೇಲ್ ಅಂತೂ ಇಡುವುದೇ ಇಲ್ಲ. ‘ಹೊಚ್ಚ ಹೊಸದು, ಅರ್ಧ ಬೆಲೆ’ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ‘ಫಸ್ಟ್ ಕಾಪಿ’, ‘ಮಾಸ್ಟರ್ ಕಾಪಿ’ ಅನ್ನುವುದೆಲ್ಲ ನಕಲಿಗೇ ಇಟ್ಟ ಹೆಸರುಗಳು.

ಇನ್ನು ಬ್ಯಾಗನ್ನು ಕೈಗೆ ತಗೊಳ್ಳಿ. ಅದರ ಕಂದು ಬಣ್ಣದ ಮೈ ಚರ್ಮದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಲೇಪ ಹಚ್ಚಿದ ಹತ್ತಿಯ ಕ್ಯಾನ್ವಾಸ್. ಅದರ ಮೇಲಿನ ಎಲ್‌ವಿ ಅಕ್ಷರ, ಹೂವಿನ ಚಿತ್ತಾರ 1896ರದ್ದು. ನಕಲು ಮಾಡುವವರ ಕಾಟ ಆಗಲೇ ಇತ್ತು, ಅದಕ್ಕೇ ಕಂಪನಿ ಕಟ್ಟಿದ ಲೂಯಿ ವಿಟಾನ್ ಅವರ ಮಗ ಜಾರ್ಜ್ ವಿಟಾನ್ ಇದನ್ನು ರೂಪಿಸಿದರು. ಈ ಚಿತ್ತಾರಕ್ಕೆ ಮೊನೊಗ್ರಾಮ್ ಅಂತ ಹೆಸರು. ಮಾಮೂಲಿ ಮೊನೊಗ್ರಾಮ್ ಸ್ಪೀಡಿಯಲ್ಲಿ ಒಂದೇ ಉದ್ದನೆಯ ಕ್ಯಾನ್ವಾಸ್ ತುಂಡು ಮುಂದಿನಿಂದ ತಳ ಬಳಸಿ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಮುಂದೆ ನೆಟ್ಟಗಿರುವ ಎಲ್‌ವಿ ಹಿಂದೆ ತಲೆಕೆಳಗಾಗಿರುತ್ತದೆ. ‘ಅಯ್ಯೋ, ಇದು ಉಲ್ಟಾ ಇದೆ’ ಅಂತ ಅಸಲಿಯನ್ನೇ ಬಿಟ್ಟು ಬಂದವರಿದ್ದಾರೆ! ನಮ್ಮ ಹುಡುಗಿಯ ಬ್ಯಾಗಿನಲ್ಲಿ ಎರಡೂ ಕಡೆ ಅಕ್ಷರ ನೆಟ್ಟಗಿದ್ದವು. ತಳದಲ್ಲಿ ಒಂದು ಜೋಡಣೆಯ ಹೊಲಿಗೆ ಇತ್ತು. ಬೇರೆ ಮಾಡೆಲ್‌ಗಳಿಗೆ ಈ ಲೆಕ್ಕ ಹಾಕಬೇಡಿ.

ನನ್ನ ಪ್ರಕಾರ ಜಾಸ್ತಿ ಹೊತ್ತು ನೋಡಬೇಕಾದ್ದು ಹಿಡಿಕೆಯನ್ನು. ಅದು ಬಣ್ಣ ಹಚ್ಚದ ಹಸುವಿನ ಚರ್ಮ. ಹೊಸದರಲ್ಲಿ ತಿಳಿ ಬಿಸ್ಕತ್ತಿನ ಬಣ್ಣ, ಬಿಸಿಲು, ಬೆವರು ತಾಗಿ ವರ್ಷಗಳಲ್ಲಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಎಲ್ಲ ಕಡೆ ಒಂದೇ ಸಮ ತಿರುಗುವುದಿಲ್ಲ. ಕೈ ಹಿಡಿಯುವ ಜಾಗ ಹೆಚ್ಚು ಕಪ್ಪಾಗಿರುತ್ತದೆ, ನೀರು ಬಿದ್ದಲ್ಲಿ ಕಲೆ ಉಳಿದಿರುತ್ತದೆ. ‘ಹತ್ತು ವರ್ಷ ಬಳಸಿದ್ದು’ ಅಂದ ಬ್ಯಾಗಿನ ಹಿಡಿಕೆ ಬೆಳ್ಳಗೆ, ಪ್ಲಾಸ್ಟಿಕ್ಕಿನ ಹಾಗೆ ಮಿನುಗುತ್ತಿದ್ದರೆ ಅನುಮಾನ ಪಡಿ. ಹಿಡಿಕೆ ಬದಲಿಸಿದ್ದೇವೆ ಅಂದರೆ ರಸೀದಿ ಕೇಳಿ. ಹಿಡಿಕೆಯ ಬುಡದ ಹೊಲಿಗೆಯನ್ನೂ ಎಣಿಸಿ: ನಾಲ್ಕೂ ಕಡೆ ಲೆಕ್ಕ ಒಂದೇ ಬರಬೇಕು. ಮೂಗಿನ ಹತ್ತಿರ ಹಿಡಿದಾಗ ಅಂಟಿನ ಘಾಟು ಹೊಡೆಯಬಾರದು.

ಆಮೇಲೆ ಒಳಗಿನ ಕೋಡ್, ಅಂದರೆ ಬ್ಯಾಗ್ ಎಲ್ಲಿ, ಯಾವಾಗ ತಯಾರಾಯಿತು ಅಂತ ಹೇಳುವ ಗುರುತು. 2007ರಿಂದ ಕೆಲವು ವರ್ಷ ಎರಡು ಅಕ್ಷರ, ನಾಲ್ಕು ಅಂಕಿ ಇರುತ್ತಿದ್ದವು. ‘ಸಿಎ (CA) 4182’ ಅಂತಿದೆ ಅನ್ನಿ. ಒಂದನೇ ಮತ್ತು ಮೂರನೇ ಅಂಕಿ ಸೇರಿ 48, ಅದು ವಾರ. ಎರಡನೇದು, ನಾಲ್ಕನೇದು ಸೇರಿ 12, ಅಂದರೆ 2012. ವಾರದ ಲೆಕ್ಕ 53 ದಾಟಿದರೆ ಅಂಥ ವಾರವೇ ಇಲ್ಲ, ಅಲ್ವಾ? ಅಕ್ಷರಗಳು ಕಾರ್ಖಾನೆಯ ಗುರುತು. ಸಿಎ ಸ್ಪೇನ್‌ನದು, ಆದ್ದರಿಂದ ಚರ್ಮದ ಮೇಲೆ ‘ಮೇಡ್ ಇನ್ ಸ್ಪೇನ್’ ಅಂತಲೇ ಒತ್ತಿರಬೇಕು. ಆದರೆ ಕೋಡ್ ಸರಿಯಿದೆ ಅಂದಾಕ್ಷಣ ನಂಬಬೇಡಿ. ಒಂದೇ ಕೋಡ್ ಎಷ್ಟೋ ಬ್ಯಾಗ್‌ಗಳಲ್ಲಿರುತ್ತದೆ, ನಕಲಿಯವರೂ ಅದನ್ನೇ ಒತ್ತುತ್ತಾರೆ. 2021ರಿಂದ ಕೋಡ್ ಬದಲು ಒಳಗೆ ಚಿಪ್ ಇಡುತ್ತಿದ್ದಾರೆ. ಹೊಸ ಬ್ಯಾಗಿನಲ್ಲಿ ಕೋಡ್ ಕಾಣಲಿಲ್ಲ ಅಂತ ಗಾಬರಿ ಬೇಡ.

ಬ್ಯಾಗ್ ಬೇರೆ ಊರಲ್ಲಿದ್ದರೆ ವಿಡಿಯೋ ಕಾಲ್ ಕೇಳಿ. ಹಿಂಬದಿ, ತಳ, ಹಿಡಿಕೆಯ ಬುಡ, ಒಳಗಿನ ಕೋಡ್, ಚರ್ಮದ ಮೇಲಿನ ಅಚ್ಚು ಇಷ್ಟನ್ನೂ ಹಗಲು ಬೆಳಕಿನಲ್ಲಿ, ಹತ್ತಿರದಿಂದ ತೋರಿಸಲಿ. ಅಲ್ಲಿಯವರೆಗೆ ಅಡ್ವಾನ್ಸ್ ಅಂತ ಒಂದು ರೂಪಾಯಿಯನ್ನೂ ಕಳಿಸಬೇಡಿ.