ಬಲೂನ್ ಬಿಟ್ಟು ತಕ್ಕಡಿ ಹಿಡಿದಾಗ: ಯೀಸ್ಟಿನ ಹುದುಗುವಿಕೆಯನ್ನು ಅಳೆಯುವ ಬಗೆ

ಬಾಟಲಿಯ ಬಾಯಿಗೆ ಬಲೂನ್ ಕಟ್ಟಿ, ಅದು ಉಬ್ಬಿದಾಗ ಹುದುಗುವಿಕೆ ನಡೆಯಿತು ಎನ್ನುವುದು ಎಲ್ಲರಿಗೂ ಗೊತ್ತಿರುವ ಪ್ರಯೋಗ. ತೋರಿಸುವುದಕ್ಕೆ ಅದು ಸಾಕು, ಅಳೆಯುವುದಕ್ಕೆ ಆಗದು. ರಬ್ಬರು ಮೊದಲು ಬಿಗಿಯಾಗಿದ್ದು ಹಿಗ್ಗಿದ ಮೇಲೆ ಸಡಿಲವಾಗುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡ್ ರಬ್ಬರಿನೊಳಗಿಂದಲೇ ಮೆಲ್ಲಗೆ ಸೋರಿಹೋಗುತ್ತದೆ. ಮರುದಿನ ಜೋತುಬಿದ್ದ ಬಲೂನ್ ನೋಡಿ ಯೀಸ್ಟ್ ಸತ್ತಿತು ಎಂದುಕೊಳ್ಳುವುದು ಅದರಿಂದಲೇ. ನಾನು ಅನಿಲವನ್ನು ಹಿಡಿಯುವ ಗೋಜಿಗೇ ಹೋಗುವುದಿಲ್ಲ. ಹೋಗುವುದು ಹೋಗಲಿ, ಫ್ಲಾಸ್ಕಿನ ತೂಕ ಎಷ್ಟು ಇಳಿಯಿತು ಎಂಬುದಷ್ಟೇ ನನಗೆ ಬೇಕು.

ಲೆಕ್ಕ ಸರಳ. 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಅಂದರೆ 10 ಗ್ರಾಂ ಗ್ಲೂಕೋಸಿಗೆ 4.89 ಗ್ರಾಂ ತೂಕ ಇಳಿಯಬೇಕು. ಇಲ್ಲೇ ಒಂದು ಎಡವಟ್ಟು ಕಾದಿದೆ: ಗ್ಲೂಕೋಸ್ ಪುಡಿ ಎಷ್ಟೋ ಸಲ ಮಾನೋಹೈಡ್ರೇಟ್ ರೂಪದಲ್ಲಿರುತ್ತದೆ, ಅದರ ಪ್ರತಿ ಅಣುವಿಗೂ ಒಂದು ನೀರಿನ ಅಣು ಅಂಟಿರುತ್ತದೆ. ಅಂಥ 10 ಗ್ರಾಂ ಪುಡಿಯಲ್ಲಿ ನಿಜವಾದ ಗ್ಲೂಕೋಸ್ ಸುಮಾರು 9.1 ಗ್ರಾಂ ಮಾತ್ರ, ಅನಿಲ 4.44 ಗ್ರಾಂ. ಡಬ್ಬಿಯ ಮೇಲಿನ ಚೀಟಿ ಓದದೆ ಶುರುಮಾಡಿದರೆ ಆ ಕೊರತೆಗೆ ಯೀಸ್ಟನ್ನು ಬೈಯಬೇಕಾಗುತ್ತದೆ.

ನನ್ನ ಅಳತೆ ಹೀಗಿದೆ. 250 ಮಿಲಿಲೀಟರಿನ ಕೋನಿಕಲ್ ಫ್ಲಾಸ್ಕ್, 100 ಮಿಲಿಲೀಟರ್ ನೀರು, 10 ಗ್ರಾಂ ಗ್ಲೂಕೋಸ್, 2 ಗ್ರಾಂ ಒಣ ಯೀಸ್ಟ್. ತಕ್ಕಡಿ 0.01 ಗ್ರಾಂ ತೋರಿಸಬೇಕು, 500 ಗ್ರಾಂವರೆಗೆ ಹೊರಬೇಕು. 200 ಗ್ರಾಂ ಮಿತಿಯದು ಸಾಲದು, ತುಂಬಿದ ಫ್ಲಾಸ್ಕೇ ಅದನ್ನು ದಾಟುತ್ತದೆ. ಯೀಸ್ಟನ್ನು ಮೊದಲು 35–38 ಡಿಗ್ರಿಯ 20 ಮಿಲಿಲೀಟರ್ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಆಮೇಲೆ ಸಕ್ಕರೆ ನೀರಿಗೆ ಸೇರಿಸುತ್ತೇನೆ (ಈ 20 ಮಿಲಿಲೀಟರ್ ಆ ನೂರರೊಳಗೇ ಸೇರಿದ್ದು). ತಣ್ಣೀರಿನಲ್ಲಿ ನೆನೆಸಿದರೆ ಒಣಗಿದ ಪೊರೆ ಸರಿಯಾಗಿ ಕೂಡಿಕೊಳ್ಳುವ ಮೊದಲೇ ಕೋಶದೊಳಗಿನ ಸಾರ ಹೊರಗೆ ಸೋರುತ್ತದೆ. 50 ಡಿಗ್ರಿ ದಾಟಿದರೆ ಕೋಶಗಳು ಸಾಯತೊಡಗುತ್ತವೆ. ಬಾಯಿಗೆ ಸಡಿಲವಾದ ಹತ್ತಿ ಸಾಕು. ಬಿರಡೆ ಬಿಗಿಯಬಾರದು: ಎರಡೂವರೆ ಲೀಟರಿಗೂ ಮೀರಿದ ಅನಿಲ ಆ ಚಿಕ್ಕ ಗಾಜಿನಲ್ಲಿ ಉಳಿದರೆ ಗಾಜು ಸಿಡಿದೀತು.

ಬರೀ ಸಕ್ಕರೆ ನೀರಿನಲ್ಲಿ ಯೀಸ್ಟ್ ಬೇಗ ಸೊರಗುತ್ತದೆ, ಏಕೆಂದರೆ ಸಾರಜನಕವಿಲ್ಲ. ಅರ್ಧ ಗ್ರಾಂ ಯೀಸ್ಟನ್ನು ನೀರಿನಲ್ಲಿ ಕುದಿಸಿ ಸಾಯಿಸಿ ಹಾಕಿದರೆ ಅದೇ ಉಳಿದವಕ್ಕೆ ಗೊಬ್ಬರ.

ಫ್ಲಾಸ್ಕನ್ನು 35 ಡಿಗ್ರಿಯ ನೀರಿನ ತೊಟ್ಟಿಯಲ್ಲಿಟ್ಟು ಹದಿನೈದು ನಿಮಿಷಕ್ಕೊಮ್ಮೆ ತೂಗುತ್ತೇನೆ. ಮೊದಲ ಅರ್ಧ ಗಂಟೆಯ ಅಂಕಿಗಳನ್ನು ನಂಬುವಂತಿಲ್ಲ. ಹುಟ್ಟಿದ ಅನಿಲದಲ್ಲಿ ಸುಮಾರು 0.1 ಗ್ರಾಂ ನೀರಿನಲ್ಲೇ ಕರಗಿ ಕೂರುತ್ತದೆ. ಮೇಲಿನ 150 ಮಿಲಿಲೀಟರ್ ಗಾಳಿಯನ್ನು ಹೊರದಬ್ಬಿ ಅದರ ಜಾಗದಲ್ಲಿ ಭಾರವಾದ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುವುದರಿಂದ ಇನ್ನೊಂದು 0.1 ಗ್ರಾಂ ಮರೆಯಾಗುತ್ತದೆ. ಹಾಗಾಗಿ ಯೀಸ್ಟ್ ತಡವಾಗಿ ಎದ್ದಂತೆ ಕಾಣುತ್ತದೆ, ಅದು ಎದ್ದು ಎಷ್ಟೋ ಹೊತ್ತಾಗಿರುತ್ತದೆ. ತೂಗುವ ಮುನ್ನ ಪ್ರತಿಸಲವೂ ಹತ್ತು ಸುತ್ತು ಅಲುಗಿಸಬೇಕು. ಇಲ್ಲವಾದರೆ ಒಂದು ಸಲ ಕಡಿಮೆ, ಮುಂದಿನ ಸಲ ಧುತ್ತೆಂದು ಹೆಚ್ಚು. ಹೊರಗಿನ ನೀರನ್ನು ಒರೆಸಬೇಕು. ಒಂದೇ ಹನಿ 0.05 ಗ್ರಾಂ ಇರುತ್ತದೆ. ನೀರು ಆವಿಯಾಗಿ ಇಳಿಯುವ ತೂಕವನ್ನು ಕಳೆಯಲು ಪಕ್ಕದಲ್ಲಿ ಇನ್ನೊಂದು ಫ್ಲಾಸ್ಕ್ ಬೇಕೇ ಬೇಕು: ಅದೇ ನೀರು, ಅದೇ ಸಕ್ಕರೆ, ಹತ್ತು ನಿಮಿಷ ಕುದಿಸಿದ ಯೀಸ್ಟ್.

ಕುದಿಸಲೇಬೇಕೆ, ಕೋಶ ಒಡೆದರೆ ಸಾಲದೇ ಎಂದರೆ, ಸಾಲದು. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು ಹಿಂಡಿದ ರಸವೇ, ಒಂದೂ ಜೀವಂತ ಕೋಶವಿಲ್ಲದೆ, ಸಕ್ಕರೆಯನ್ನು ಹುದುಗಿಸಿತು. ಅದಕ್ಕಾಗಿ 1907ರ ನೊಬೆಲ್ ಬಂತು. ಕೆಲಸ ಮಾಡುವುದು ಕಿಣ್ವಗಳು. ಅರೆದರೆ ಅವು ಕೆಡುವುದಿಲ್ಲ, ಕುದಿಸಿದರೆ ಕೆಡುತ್ತವೆ.

ಕೊನೆಗೂ 4.89 ಗ್ರಾಂ ಪೂರ್ತಿ ಸಿಗುವುದಿಲ್ಲ. ಸ್ವಲ್ಪ ಸಕ್ಕರೆ ಗ್ಲಿಸರಾಲ್ ಆಗುತ್ತದೆ, ಸ್ವಲ್ಪ ಹೊಸ ಕೋಶಗಳ ಮೈಗೆ ಸೇರುತ್ತದೆ. ಶೇಕಡಾ 90ರ ಮೇಲೆ ಬಂದರೆ ನಾನು ಸರಿ ಎನ್ನುತ್ತೇನೆ. ನೂರು ದಾಟಿದರೆ ಆವಿಯ ಲೆಕ್ಕ ತಪ್ಪಿದೆ.

ಸಕ್ಕರೆ ಬದಲಿಸಿ ನೋಡುವುದು ಇನ್ನೂ ಚೆನ್ನ. ಸುಕ್ರೋಸ್ (ಅಡುಗೆಮನೆಯ ಸಕ್ಕರೆ) ಗ್ಲೂಕೋಸಿನಷ್ಟೇ ಚುರುಕು, ಯೀಸ್ಟ್ ಅದನ್ನು ಕೋಶದ ಹೊರಗೋಡೆಯಲ್ಲೇ ಇನ್ವರ್ಟೇಸ್ ಕಿಣ್ವದಿಂದ ಎರಡಾಗಿ ಸೀಳುತ್ತದೆ. ಮಾಲ್ಟೋಸ್ ತಡವರಿಸುತ್ತದೆ, ಅದನ್ನು ಒಳಗೆ ಸೆಳೆಯುವ ಪ್ರೋಟೀನನ್ನು ಕೋಶ ಆಮೇಲಷ್ಟೇ ಕಟ್ಟಿಕೊಳ್ಳಬೇಕು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನಲ್ಲಿ ತೂಕ ಅಲ್ಲಾಡುವುದೇ ಇಲ್ಲ.

ಅನೇಕರು ಇದೇ ಫ್ಲಾಸ್ಕಿಗೆ ಗಾಳಿ ಊದಿ, ಈಗ ಹುದುಗುವಿಕೆ ನಿಂತು ಉಸಿರಾಟ ಶುರುವಾಯಿತು ಎನ್ನುತ್ತಾರೆ. ಆಗುವುದಿಲ್ಲ. ಸಕ್ಕರೆ ಹೇರಳವಾಗಿದ್ದಾಗ ಈ ಯೀಸ್ಟ್ ಆಮ್ಲಜನಕವಿದ್ದರೂ ಹುದುಗಿಸುತ್ತಲೇ ಇರುತ್ತದೆ. ಇದಕ್ಕೆ ಕ್ರ್ಯಾಬ್‌ಟ್ರೀ ಪರಿಣಾಮ ಎಂದು ಹೆಸರು. ಹುದುಗಿಸುವುದು ದುಬಾರಿ ವ್ಯವಹಾರವೇ. ಒಂದು ಗ್ಲೂಕೋಸಿಗೆ ಕೋಶಕ್ಕೆ ದಕ್ಕುವುದು 2 ಎಟಿಪಿ (ಕೋಶದ ಶಕ್ತಿಯ ನಾಣ್ಯದಂಥ ಅಣು). ಆಮ್ಲಜನಕ ಬಳಸಿ ಪೂರ್ತಿ ಒಡೆದರೆ ಅದರ ಎಷ್ಟೋ ಪಟ್ಟು (ಪ್ರಾಣಿಗಳ ಕೋಶಗಳಲ್ಲಿ 30–32). ಆ 2 ಎಟಿಪಿ ಕೂಡ ಸಿಗುವುದು ಗ್ಲೂಕೋಸ್ ಎರಡಾಗಿ ಸೀಳಿ ಪೈರುವೇಟ್ ಆಗುವ ತನಕದ ದಾರಿಯಲ್ಲಿ. ಅಲ್ಲಿಂದ ಆಲ್ಕೋಹಾಲ್‌ವರೆಗಿನ ಹೆಜ್ಜೆಗಳಲ್ಲಿ ಕೋಶಕ್ಕೆ ಒಂದು ಎಟಿಪಿಯೂ ಇಲ್ಲ. ಎಲೆಕ್ಟ್ರಾನ್ ಹೊತ್ತು ನಿಂತ ವಾಹಕ ಅಣುವಾದ ಎನ್‌ಎಡಿಎಚ್ ಅನ್ನು ಇಳಿಸಿ ಎನ್‌ಎಡಿ ಮಾಡಿಕೊಳ್ಳದಿದ್ದರೆ ಮುಂದಿನ ಗ್ಲೂಕೋಸ್ ಒಡೆಯುವುದಕ್ಕಾಗದು, ಅದಕ್ಕೇ ಆ ಸುತ್ತುಬಳಸು. ಶಕ್ತಿಯ ಬಹುಪಾಲು ಆಲ್ಕೋಹಾಲಿನಲ್ಲೇ ಉಳಿದಿರುತ್ತದೆ. ಒಂದು ಮೋಲ್ ಗ್ಲೂಕೋಸ್ ಸುಟ್ಟರೆ ಸುಮಾರು 2,800 ಕಿಲೋಜೂಲ್, ಅದರಿಂದ ಬಂದ ಎರಡು ಮೋಲ್ ಆಲ್ಕೋಹಾಲ್ ಸುಟ್ಟರೆ ಸುಮಾರು 2,730.

ಉಸಿರಾಟವನ್ನೇ ನೋಡಬೇಕೆಂದರೆ ಯೀಸ್ಟ್ ಬಿಟ್ಟು ಮೊಳಕೆಯೊಡೆದ ಕಾಳು ತೆಗೆದುಕೊಳ್ಳಿ. ನಳಿಕೆಯಲ್ಲಿ 10 ಗ್ರಾಂ ಕಾಳು, ಮೇಲೆ ಹತ್ತಿಯ ತಡೆ, ಅದರ ಮೇಲೆ ಸೋಡಾ ಲೈಮ್ (ಹೊರಬಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳಲು), ಬಿರಡೆಯಲ್ಲಿ 1 ಮಿಲಿಮೀಟರ್ ಒಳವ್ಯಾಸದ ಗಾಜಿನ ಕೊಳವೆ, ಅದರೊಳಗೆ ಬಣ್ಣದ ಒಂದು ಹನಿ. ಆಮ್ಲಜನಕ ಖರ್ಚಾದಂತೆ ಹನಿ ಒಳಗೆ ಸರಿಯುತ್ತದೆ. ನಳಿಕೆಯಲ್ಲಿ 30 ಮಿಲಿಲೀಟರ್ ಗಾಳಿ ಇದ್ದರೆ ಒಂದೇ ಡಿಗ್ರಿ ಬಿಸಿ ಏರಿದರೂ ಹನಿ 12 ಸೆಂಟಿಮೀಟರಿನಷ್ಟು ಹೊರಕ್ಕೆ ಓಡುತ್ತದೆ, ಆದ್ದರಿಂದ ನಳಿಕೆ ನೀರಿನಲ್ಲಿ ಮುಳುಗಿರಲಿ, ಕೈ ತಾಗಿಸಬೇಡಿ. ಹೋಲಿಕೆಗೆಂದು ಇಡುವ ಬೇಯಿಸಿದ ಕಾಳಿನ ಜೋಡಿ ನಳಿಕೆಯನ್ನು ಅದೇ ದಿನ ಬಳಸಿ ಮುಗಿಸಿ. ಮರುದಿನಕ್ಕೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು, ಸತ್ತ ಕಾಳೂ ಉಸಿರಾಡುವಂತೆ ಹನಿ ಸರಿಯತೊಡಗುತ್ತದೆ.