ಸ್ವಂತ ವಿಮಾನಕ್ಕೆ ಸುಂಕ ಕಟ್ಟಿಸಿದ್ದು

ಕಾರವಾರದಲ್ಲಿ ಆಮದುದಾರರ ಪರವಾಗಿ ಸುಂಕದ ಕೆಲಸ ಮಾಡುವ ನನ್ನ ಮೇಜಿಗೆ ಯಂತ್ರಗಳ, ದೋಣಿ ಎಂಜಿನ್‌ಗಳ ಕಡತ ಬರುವುದು ವಾಡಿಕೆ. 2025ರಲ್ಲಿ ಶಿರಸಿಯ ಉದ್ಯಮಿಯೊಬ್ಬರು ವಿದೇಶದಲ್ಲಿ ನಾಲ್ಕು ಆಸನಗಳ ಹಳೆಯ ವಿಮಾನವೊಂದನ್ನು ನೋಡಿಟ್ಟು ಬಂದು, ತೆರಿಗೆಯ ಕೆಲಸ ನಿಮ್ಮದು ಎಂದರು. ಬೆಲೆಯ ಮಾತಿಗೆ ಮೊದಲು ನಾನು ಕೇಳಿದ್ದು, ಇದರಲ್ಲಿ ಹಾರುವವರು ಯಾರು ಎಂದು.

ತೆರಿಗೆಯೆಲ್ಲ ನಿಂತಿರುವುದು ಆ ಉತ್ತರದ ಮೇಲೆ. ಆಗ ಸ್ವಂತ ಬಳಕೆಯ ವಿಮಾನಕ್ಕೆ ಶೇ 28 ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ), ಜೊತೆಗೆ ಶೇ 3 ಪರಿಹಾರ ಸೆಸ್ ಇತ್ತು. ಬಾಡಿಗೆ ಹಾರಾಟಕ್ಕೋ ತರಬೇತಿಗೋ ತಂದರೆ ಶೇ 5 ಮಾತ್ರ. "ಹಾಗಾದರೆ ಬಾಡಿಗೆಗೆ ಎಂದೇ ಬರೆದುಬಿಡೋಣ" ಎಂದರು. "ಬೇಡ ಅಣ್ಣ, ಹಾರುವವರು ನೀವು, ನಿಮ್ಮ ಮನೆಯವರು. ಅದನ್ನೇ ಬರೆಯೋಣ" ಎಂದೆ.

ಖಾಸಗಿ ವಿಮಾನಗಳ ಆಮದಿಗೆ ಶೇ 3 ಸೀಮಾ ಸುಂಕ, ಅಂದರೆ ಕಸ್ಟಮ್ಸ್ ಸುಂಕ, ಹೇರಿದ್ದು 2007ರ ಬಜೆಟ್. ಬಾಡಿಗೆ ಹಾರಾಟದ ಪರವಾನಗಿ ಇದ್ದವರಿಗೆ, ವಿಮಾನವನ್ನು ಆ ಕೆಲಸಕ್ಕಷ್ಟೇ ಬಳಸಬೇಕೆಂಬ ಷರತ್ತಿನ ಮೇಲೆ ವಿನಾಯಿತಿ ಸಿಕ್ಕಿತು. ಆ ಷರತ್ತಿಗೆ ಸಹಿ ಹಾಕಿ ತಂದ ವಿಮಾನಗಳಲ್ಲಿ ಕಂಪನಿಯ ಒಡೆಯರೇ ಓಡಾಡಿದರೆಂದು ಇಲಾಖೆ ಆಕ್ಷೇಪ ಎತ್ತಿ, ಎಷ್ಟೋ ಪ್ರಕರಣಗಳು ವರ್ಷಗಟ್ಟಲೆ ನ್ಯಾಯಮಂಡಳಿಗಳಲ್ಲಿ ನಡೆದವು. ಬಳಕೆಯನ್ನು ಮರೆಮಾಚಿದರೆ ಐದು ವರ್ಷದ ಹಿಂದಿನ ಸುಂಕವನ್ನೂ ಬಡ್ಡಿ, ದಂಡ ಸಮೇತ ಕೇಳಬಹುದು. ವಿಮಾನವನ್ನೇ ಜಪ್ತಿ ಮಾಡಬಹುದು. ಅಂಥ ಭಯ ಹೊತ್ತುಕೊಂಡು ಹಾರುವುದರಲ್ಲಿ ಯಾವ ಸುಖವಿದೆ?

ಅವರು ಒಪ್ಪಿದರು. ಮುಂಗಡವೂ ಹೋಯಿತು. ಅಷ್ಟರಲ್ಲಿ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಸಭೆ ಸೇರಿ, ಸ್ವಂತ ಬಳಕೆಯ ವಿಮಾನಕ್ಕೆ ಶೇ 40 ಎಂದಿತು. ಜಾರಿ 22ರಿಂದ. ಸೆಸ್ ಹೋದರೂ ಕೋಟಿ ರೂಪಾಯಿ ಮೌಲ್ಯಕ್ಕೆ ಒಂಬತ್ತು ಲಕ್ಷದಷ್ಟು ಹೊರೆ ಹೆಚ್ಚಿತು. ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣಾ ಪತ್ರವನ್ನು, ಈಗಲೇ ಸಲ್ಲಿಸಿದರೆ ಹಳೆಯ ದರ ಸಿಗದೇ ಎಂದು ಅವರು ಕೇಳಿದರು. ಮುಂಚಿತವಾಗಿ ಸಲ್ಲಿಸಬಹುದು, ನಿಜ. ಆದರೆ ಕಸ್ಟಮ್ಸ್ ಕಾಯಿದೆಯ 15ನೇ ಸೆಕ್ಷನ್ ಪ್ರಕಾರ ಹಾಗೆ ಸಲ್ಲಿಸಿದ ಬಿಲ್ಲಿಗೆ ವಿಮಾನ ಬಂದಿಳಿದ ದಿನದ ದರವೇ ಅನ್ವಯ. ನಮ್ಮದಕ್ಕೆ ಆ ದೇಶದ ರಫ್ತು ಪ್ರಮಾಣಪತ್ರವೇ ಇನ್ನೂ ಕೈಸೇರಿರಲಿಲ್ಲ. ಶೇ 40ಕ್ಕೆ ಹಣ ಹೊಂದಿಸಿಕೊಳ್ಳಿ ಎಂದು ಅಂದೇ ಹೇಳಿದೆ. ಕಂಪನಿಯ ಹೆಸರಲ್ಲಿ ಕೊಂಡು ಹೂಡುವಳಿ ತೆರಿಗೆ ಜಮೆ (ಕಟ್ಟಿದ ಜಿಎಸ್‌ಟಿಯನ್ನು ಕಂಪನಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಪಡೆಯೋಣವೆಂದರೆ ಜಿಎಸ್‌ಟಿ ಕಾಯಿದೆಯ 17(5)ನೇ ಸೆಕ್ಷನ್ ಅದಕ್ಕೂ ಅಡ್ಡ. ಪ್ರಯಾಣಿಕರ ಅಥವಾ ಸರಕಿನ ಸಾಗಣೆ, ಹಾರಾಟ ತರಬೇತಿ, ಮರುಮಾರಾಟದಂಥ ಕೆಲಸಕ್ಕಷ್ಟೇ ಜಮೆ.

ಇಳಿಸುವುದೆಲ್ಲಿ? ನಮ್ಮ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ, ಅಂಕೋಲಾ ಬಳಿಯ ಅಲಗೇರಿಯದು ಇನ್ನೂ ಯೋಜನೆ. ಹುಬ್ಬಳ್ಳಿಯಲ್ಲಿ ಕಸ್ಟಮ್ಸ್ ಇಲ್ಲ. ಹೊರದೇಶದಿಂದ ಬಂದ ವಿಮಾನ ಮೊದಲು ಕಸ್ಟಮ್ಸ್ ನಿಲ್ದಾಣದಲ್ಲೇ ಇಳಿಯಬೇಕಾದ್ದರಿಂದ ಗೋವಾ ಗೊತ್ತುಮಾಡಿದೆವು.

ಮೌಲ್ಯ ಕಟ್ಟುವಾಗ ಖರೀದಿ ಬೆಲೆಯ ಜೊತೆಗೆ ತರುವ ಖರ್ಚು, ವಿಮೆ ಸೇರಿಸಬೇಕು. ಹಾರಿಸಿಕೊಂಡು ತಂದ ಪೈಲಟ್‌ನ ಸಂಭಾವನೆ, ದಾರಿಯ ಇಂಧನ, ತಂಗಿದ ನಿಲ್ದಾಣಗಳ ಶುಲ್ಕ, ಎಲ್ಲದರ ರಸೀದಿಯನ್ನೂ ಅಧಿಕಾರಿಗಳು ಕೇಳುವ ಮೊದಲೇ ಲಗತ್ತಿಸಿದೆ. ಖರ್ಚು ಎಷ್ಟೆಂದು ತೋರಿಸಲಾಗದಿದ್ದರೆ ನಿಯಮದಂತೆ ಸಾಗಣೆಗೆ ಬೆಲೆಯ ಶೇ 20, ವಿಮೆಗೆ ಶೇ 1.125 ಲೆಕ್ಕ ಹಾಕುತ್ತಾರೆ. ರಸೀದಿಯಿದ್ದರೆ ನಿಜವಾದ ಮೊತ್ತ. ಇದರ ಮೇಲೆ ಸೀಮಾ ಸುಂಕ, ಅದನ್ನೂ ಕೂಡಿಸಿದ ಮೊತ್ತದ ಮೇಲೆ ಐಜಿಎಸ್‌ಟಿ.

ತಪಾಸಣೆಯ ದಿನ ಅಧಿಕಾರಿ ಬಾಲದ ಬಳಿ ರಿವೆಟ್ ಹೊಡೆದ ಪುಟ್ಟ ಲೋಹದ ಫಲಕದ ಮುಂದೆ ಬಾಗಿ ಸರಣಿ ಸಂಖ್ಯೆಯನ್ನು ಗಟ್ಟಿಯಾಗಿ ಓದಿದರು. ನಾನು ಇನ್‌ವಾಯ್ಸ್‌ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾ ಹೋದೆ. ಎಂಜಿನ್, ಪ್ರೊಪೆಲ್ಲರ್ ಸಂಖ್ಯೆಗಳನ್ನೂ ಹಾಗೆಯೇ ನೋಡಿದರು. ಒಂದಂಕಿಯೂ ತಪ್ಪಿರಲಿಲ್ಲ. ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಆಮದು ಅನುಮತಿಯಲ್ಲೂ ಅವೇ ಸಂಖ್ಯೆಗಳಿರುವಂತೆ ಮೊದಲೇ ನೋಡಿಕೊಂಡಿದ್ದೆ. ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿಯಿಲ್ಲದೆ ವಿಮಾನಕ್ಕೆ ವಿಟಿ ನೋಂದಣಿ, ಅಂದರೆ ಭಾರತದ ನೋಂದಣಿ, ಸಿಗದು. ಅದರ ಪ್ರತಿಯನ್ನು ಆ ಸಂಜೆಯೇ ನೋಂದಣಿ ಅರ್ಜಿಗೆ ಸೇರಿಸಿದೆವು.