ಸಾಕೊ ಒಲ್ಲ ಮೂತ? ಕನ್ನಡ ಲಿಪಿ ಹಿಡಿದು ಫಿನ್ನಿಶ್ ಕಲಿತ ಬಗೆ

ಫಿನ್‌ಲ್ಯಾಂಡಿನ ತಂಪೆರೆ ಊರಿನ ಕೆಫೆಯಲ್ಲಿ (ಹೆಸರಲ್ಲೇ ತಂಪು ಎರೆದಿದ್ದಾರೆ) ಕಾಫಿ ಕೊಟ್ಟ ಮೇಲೆ "ಸಾಕೊ ಒಲ್ಲ ಮೂತ?" ಅಂತ ಕೇಳುತ್ತಾರೆ. ನಮ್ಮ ಕಿವಿಗೆ "ಸಾಕು, ಒಲ್ಲೆ" ಅಂದ ಹಾಗಿರುತ್ತದೆ. ಅರ್ಥ ನೋಡಿದರೆ ತಿರುಗಾಮುರುಗಾ: "ಇನ್ನೇನಾದರೂ ಬೇಕಾ?" ಈ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡ ದಿನದಿಂದ ಲೆಕ್ಕ ಹಾಕಿದರೆ ಎಂಟು ತಿಂಗಳು, ಹೆಚ್ಚೆಂದರೆ ಒಂಬತ್ತು. ಅಷ್ಟರಲ್ಲಿ ಅಂಗಡಿ, ಕ್ಯಾಂಟೀನ್, ಲಾಂಡ್ರಿ, ಔಷಧಿ ಅಂಗಡಿ ನಾಲ್ಕೂ ಕಡೆ ಇಂಗ್ಲಿಷ್ ಇಲ್ಲದೆ ಕೆಲಸ ಸಾಗತೊಡಗಿತು. "ಫಿನ್ನಿಶ್‌ಗೆ ಕನ್ನಡ ಲಿಪಿಯಾ?" ಅಂತ ನಕ್ಕವರೇ ಈಗ ನೋಟ್‌ಬುಕ್‌ನ ಫೋಟೊ ಕಳಿಸು ಅಂತಿದ್ದಾರೆ.

ಮೊದಲು ದುಡ್ಡು ಎಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಆ್ಯಪ್‌ನ ವರ್ಷದ ಚಂದಾ 80 ಯೂರೊ ಆಸುಪಾಸು. ಅದು ಮೊದಲ ವಾರವೇ "ಮಾಂತ್ರಿಕ" ಅನ್ನುವ ಪದ ಕಲಿಸಿತು, "ರಸೀದಿ" ಕಲಿಸಲಿಲ್ಲ. ಟ್ಯೂಟರ್‌ಗೆ ಗಂಟೆಗೆ 30ರಂತೆ ಎಂಟು ಪಾಠ, 240. ಅಷ್ಟೂ ಹೊತ್ತು ಇಂಗ್ಲಿಷಿನಲ್ಲಿ ವ್ಯಾಕರಣದ ಚರ್ಚೆ. ಪುಸ್ತಕಕ್ಕೆ ಇನ್ನೊಂದು 40, ಅದೇ ಪುಸ್ತಕ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಕೊನೆಗೆ ಕೈಹಿಡಿದ ವಿಧಾನಕ್ಕೆ ಆದ ಖರ್ಚು ಎರಡು ಯೂರೊ ನೋಟ್‌ಬುಕ್, ಒಂದು ಪೆನ್ನು.

ಲಿಪಿಯ ವಿಷಯಕ್ಕೆ ಬರೋಣ. ಫಿನ್ನಿಶ್‌ನ ಪ್ರಾಣ ಇರುವುದು ದೀರ್ಘ ಮತ್ತು ಒತ್ತಕ್ಷರದಲ್ಲಿ. ತುಲಿ ಅಂದರೆ ಬೆಂಕಿ, ತೂಲಿ ಗಾಳಿ, ತುಲ್ಲಿ ಸುಂಕದ ಕಟ್ಟೆ. ತಪಾನ್ ಅಂದರೆ ಭೇಟಿಯಾಗುತ್ತೇನೆ, ತಪನ್ ಅಂದರೆ ಕೊಲ್ಲುತ್ತೇನೆ. ರೋಮನ್ ಅಕ್ಷರದಲ್ಲಿ ಇವು ಕಣ್ಣಿಗೆ ಒಂದೇ ತರಹ ಕಂಡು ಜಾರಿಬಿಡುತ್ತವೆ. ಕನ್ನಡದಲ್ಲಿ ಬರೆದರೆ ತಪ್ಪಲು ಸಾಧ್ಯವೇ ಇಲ್ಲ, ಒಂದನೇ ಕ್ಲಾಸಿನಿಂದ ಕಾಗುಣಿತ, ಒತ್ತು ತಿದ್ದಿದ ಕೈ ಅದು.

ಆದರೆ ಕೆಲವು ಎಡವಟ್ಟುಗಳಿವೆ. ಅಲ್ಲಿಯ "ತ" ಹಲ್ಲಿಗೆ ತಾಗುವ ನಮ್ಮ ತ. ಇಂಗ್ಲಿಷಿನ ಚಟದಿಂದ "ಟ" ಬರೆದರೆ ಕೆಟ್ಟಿತು. ಮಹಾಪ್ರಾಣ ಬೇಡವೇ ಬೇಡ. ಸ್ವರದ ಪಕ್ಕ ಸ್ವರ ಬಂದಾಗ ಕೈ ತಾನಾಗಿ ಯಕಾರ, ವಕಾರ ತುರುಕುತ್ತದೆ. "ಸುವೊಮಿ" ಅಲ್ಲ, "ಸುಒಮಿ" ಅಂತಲೇ ಬರೆಯಬೇಕು, ನೋಡಲು ಎಷ್ಟೇ ಅಸಹ್ಯವಾಗಿದ್ದರೂ. ಇನ್ನು ಹಕಾರ. ಬ್ರಹ್ಮನನ್ನು "ಬ್ರಮ್ಹ" ಅನ್ನುವ ನಾಲಿಗೆ "ಕಹ್ವಿ"ಯನ್ನು (ಕಾಫಿ) "ಕವ್ಹಿ" ಮಾಡುತ್ತದೆ. ಆಲು, ಹಾಲು ಅದಲುಬದಲು ಮಾಡುವವರು ಇನ್ನೂ ಹುಷಾರಾಗಿರಬೇಕು: ಔಕಿ ಅಂದರೆ ತೆರೆದಿದೆ, ಹೌಕಿ ಒಂದು ಜಾತಿ ಮೀನು. "ಅಂಗಡಿ ತೆರೆದಿದೆಯಾ" ಅಂತ ಕೇಳಹೋಗಿ "ಅಂಗಡಿ ಮೀನಾ" ಅಂತ ಕೇಳಿದಂತಾಗುತ್ತದೆ.

ನಮ್ಮಲ್ಲಿ ಇಲ್ಲದ ಸ್ವರ ಎರಡು. "ಈ" ಅನ್ನುತ್ತಲೇ ತುಟಿಯನ್ನು "ಊ"ಗೆ ಮಾಡುವಂತೆ ಮೂತಿ ಮಾಡಿದರೆ ಒಂದು. "ಏ" ಅನ್ನುತ್ತ ತುಟಿ "ಓ" ಮಾಡಿದರೆ ಇನ್ನೊಂದು. ನೋಟ್‌ಬುಕ್‌ನಲ್ಲಿ ಉ, ಒ ಮೇಲೆ ಎರಡು ಚುಕ್ಕೆ ಇಡುತ್ತೇನೆ, ಇಲ್ಲಿ ಯು, ಯೊ ಅಂತ ಟೈಪಿಸಿದ್ದೇನೆ. (ಮುಂದೆ ಪದಗಳಲ್ಲಿ ಬರುವ "ಯಾ" ನಮ್ಮ "ಬ್ಯಾಂಕ್"ನಲ್ಲಿರುವ ಸ್ವರ.) ಹ್ಯುಲ್ಲ್ಯು ಅಂದರೆ ಶೆಲ್ಫು, ಹುಲ್ಲು ಅಂದರೆ ಹುಚ್ಚ. ಚುಕ್ಕೆ ಮರೆತರೆ ಲೈಬ್ರರಿಯಲ್ಲಿ "ಪುಸ್ತಕ ಯಾವ ಹುಚ್ಚನಲ್ಲಿದೆ" ಅಂತ ಕೇಳುವ ಸೀನು.

ಈಗ ಮುಖ್ಯ ಮಾತು. ನಾವು ಹೇಳಬೇಕಾದ ವಾಕ್ಯ ಕಲಿಯುವುದಲ್ಲ, ಅವರು ಕೇಳುವ ವಾಕ್ಯ ಕಲಿಯಬೇಕು. ಗಲ್ಲೆಯ ಆಚೆಗಿರುವವರು ಕೇಳುವುದು ನಾಲ್ಕೋ ಐದೋ ಪ್ರಶ್ನೆ, ವರ್ಷವಿಡೀ ಅವೇ. ಅದು ಗೊತ್ತಾಗದೆ ತಡವರಿಸಿದ ಕ್ಷಣ ಅವರು ಇಂಗ್ಲಿಷಿಗೆ ಜಾರುತ್ತಾರೆ, ಅಲ್ಲಿಗೆ ಅವತ್ತಿನ ಪಾಠ ಮುಗಿಯಿತು. ಹಾಗಾಗಿ ವಾರಕ್ಕೊಂದು ಕೌಂಟರ್ ಹಿಡಿದೆ. ಉದ್ದದ ಕ್ಯೂನಲ್ಲಿ ನಿಂತು ಮುಂದಿನವರಿಗೆ ಏನು ಕೇಳುತ್ತಾರೆ ಅಂತ ಕಿವಿಗೊಡುವುದು, ಕೇಳಿದ ಹಾಗೇ ಬರೆಯುವುದು, ಮನೆಗೆ ಬಂದು ಪುಸ್ತಕದ ರೂಪದ ಜೊತೆ ಹೋಲಿಸುವುದು. ಬೆಳಗ್ಗೆ ಹತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ಆಗ ಅಜ್ಜಿಯರು ಬರುತ್ತಾರೆ, ಗಲ್ಲೆಯವರು ನಿಧಾನ ಮಾತಾಡುತ್ತಾರೆ. ಸಂಜೆ ಐದಕ್ಕೆ ಹೋದರೆ ಬರೀ ಬೀಪ್ ಸದ್ದು. ತಾವೇ ಬಿಲ್ ಮಾಡಿಕೊಳ್ಳುವ ಮಶೀನಿನ ಹತ್ತಿರ ಸುಳಿಯಲೇಬೇಡಿ.

ಹೋಲಿಸಿ ನೋಡಿದಾಗಲೇ ಪುಸ್ತಕ ಏಕೆ ಕೈಕೊಟ್ಟಿತು ಅಂತ ಹೊಳೆದದ್ದು. "ರಸೀದಿ ಬೇಕಾ"ಗೆ ಪುಸ್ತಕದಲ್ಲಿ "ಹಲುಅತ್ಕೊ ಕುಇತಿನ್", ಬಾಯಲ್ಲಿ "ಹಲೂತ್ಸ್ಯಾ ಕುಇತಿನ್". ಮಿನ್ಯಾ (ನಾನು) ಮ್ಯಾ ಆಗುತ್ತದೆ, ಸಿನ್ಯಾ (ನೀನು) ಸ್ಯಾ. ಬರಹದ "ಮಾಡುತ್ತೇನೆ" ಬಾಯಲ್ಲಿ "ಮಾಡ್ತೀನಿ" ಆಗುವ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಹಾಗಾಗಿ ಎಡಪುಟದಲ್ಲಿ ಪುಸ್ತಕದ್ದು, ಬಲಪುಟದಲ್ಲಿ ಬಾಯಿಯದು. ಬಾಯಿಪಾಠ ಬಲಪುಟ ಮಾತ್ರ.

ಅವರು ಇಂಗ್ಲಿಷಿಗೆ ಜಾರಿದರೆ ಹಿಡಿದು ನಿಲ್ಲಿಸಲು ಒಂದು ವಾಕ್ಯ: "ವೊಇದಾಂಕೊ ಪುಹುಅ ಸುಒಮೆಅ?" ಫಿನ್ನಿಶ್‌ನಲ್ಲಿ ಮಾತಾಡೋಣವಾ ಅಂತ. ಹತ್ತರಲ್ಲಿ ಎಂಟು ಸಲ ಕೆಲಸ ಮಾಡಿದೆ.

ವಿಭಕ್ತಿ ಹದಿನೈದು ಅಂತ ಹೆದರಿಸುತ್ತಾರೆ. ದಿನಬಳಕೆಗೆ ಏಳೆಂಟು ಧಾರಾಳ, ಅದೂ ಇಂಗ್ಲಿಷ್ ಮೂಲಕ ಹೋಗದಿದ್ದರೆ ಸಲೀಸು. ಕೌಪ್ಪ ಅಂಗಡಿ, ಕೌಪಸ್ಸ ಅಂಗಡಿಯಲ್ಲಿ, ಕೌಪಸ್ತ ಅಂಗಡಿಯಿಂದ, ಕೌಪ್ಪಾನ್ ಅಂಗಡಿಗೆ. "ನನಗೆ ಜ್ವರ ಇದೆ" ಅನ್ನುವುದು "ಮಿನುಲ್ಲ ಒನ್ ಕೂಮೆ", ನಮ್ಮ ಹಾಗೆಯೇ ಜ್ವರ "ಇರುವುದು", ಯಾರೂ ಅದನ್ನು "ಹೊಂದುವುದಿಲ್ಲ". ಪ್ರಶ್ನೆಗೆ ಬಾಲ ಹಚ್ಚುವುದೂ ನಮ್ಮಂತೆಯೇ: ಒನ್ ಇದೆ, ಒಂಕೊ ಇದೆಯಾ. ಮೂರು ದಿನ ಅನ್ನುವಾಗ ನಾವು "ಗಳು" ಬಿಡುವಂತೆ ಅವರೂ ಬಹುವಚನ ಬಿಡುತ್ತಾರೆ, ಪದದ ರೂಪ ಮಾತ್ರ ಬೇರೆಯಾಗುತ್ತದೆ. ಕಿವಿ ಮೋಸ ಹೋಗುವ ಜಾಗ ಒಂದೇ: "ಬುಸ್ಸಿಲ್ಲ" ಅಂದರೆ ಬಸ್ಸಿನಲ್ಲಿ ಹೋಗುವುದು, ಬಸ್ಸಿಲ್ಲ ಅಂತಲ್ಲ! ಕೌಪ್ಪದ ಒತ್ತು ಕೌಪಸ್ಸದಲ್ಲಿ ಏಕೆ ಉದುರಿತು, ಕೌಪ್ಪಾನ್‌ನಲ್ಲಿ ಏಕೆ ಉಳಿಯಿತು ಅನ್ನುವುದಕ್ಕೆ ನಾಲ್ಕು ಸಾಲಿನ ಪದ್ಯ ಕಟ್ಟಿಕೊಂಡಿದ್ದೇನೆ. ಅದನ್ನು ಇಲ್ಲಿ ಹಾಕುವುದಿಲ್ಲ. ಸ್ವಂತ ಕಟ್ಟಿಕೊಂಡರೇ ಅದು ನಿಲ್ಲುವುದು.

ಎರಡು ಸಾವಿರ ಪದಗಳ ಚೀಟಿ ಮಾಡಿದ್ದು ದಂಡ. ಎಲ್ಲವೂ ಮೂಲರೂಪದಲ್ಲಿದ್ದವು. "ವೆಸಿ" (ನೀರು) ಗೊತ್ತಿದ್ದರೂ ಎದುರಿಗೆ ಬರುವುದು ವೆತ್ತ್ಯಾ, ವೆದೆನ್. ಆಮೇಲೆ ಮೂರು ರೂಪವನ್ನೂ ಒಟ್ಟಿಗೆ, ವೆಸಿ ವೆದೆನ್ ವೆತ್ತ್ಯಾ ಅಂತ ಮಗ್ಗಿಯ ಹಾಗೆ. ಹೀಗೆ ನಾನೂರು ಪದ ಆಗಿರಬಹುದು. ಅಡುಗೆಮನೆಯ ಸಾಮಾನಿಗೆಲ್ಲ ಹೆಸರಿನ ಚೀಟಿ ಅಂಟಿಸಿದ್ದೂ ವ್ಯರ್ಥ. ಫ್ರಿಜ್ ಹೆಸರು ಯಾರಿಗೆ ಬೇಕು? ಬೇಕಾದದ್ದು ಪ್ಯಾಕೆಟ್ ಮೇಲಿನ ಅಕ್ಷರ. ಸಸ್ಯಾಹಾರಿಗಳು ಮೊದಲ ದಿನವೇ ಕಲಿಯಬೇಕಾದ್ದು ಸಿಸ್ಯಾಲ್ತ್ಯಾ (ಇದರಲ್ಲಿದೆ), ಲೀವತೆ (ಜೆಲಟಿನ್), ಕನ (ಕೋಳಿ), ನೌತ (ದನ), ಸಿಕ (ಹಂದಿ). ಪ್ಯಾಕೆಟ್ ಮೇಲೆ ಫಿನ್ನಿಶ್ ಪಕ್ಕದಲ್ಲೇ ಸ್ವೀಡಿಶ್ ಇರುತ್ತದೆ. ಮೊದಲ ತಿಂಗಳು ನಕಲು ಮಾಡಿದ್ದರಲ್ಲಿ ಅರ್ಧ ಸ್ವೀಡಿಶ್ಶೇ. ರೋಮನ್ ಅಕಾರದ ತಲೆಯ ಮೇಲೆ ಸಣ್ಣ ಉಂಗುರ ಪದೇ ಪದೇ ಕಂಡರೆ ಅದು ಸ್ವೀಡಿಶ್ ಸಾಲು, ಬಿಟ್ಟು ಮುಂದೆ ಹೋಗಿ.

ಮೈತೊ (ಹಾಲು) ಮತ್ತು ಪೀಮ್ಯಾ ಒಂದೇ ಅಳತೆಯ ಲೀಟರ್ ಡಬ್ಬಿಯಲ್ಲಿ ಅಕ್ಕಪಕ್ಕ ಇರುತ್ತವೆ. ಪೀಮ್ಯಾ ಅಂದರೆ ಹುಳಿ ಮಜ್ಜಿಗೆ, ಟೀಗೆ ಹಾಕಿದರೆ ಒಡೆದು ಚೂರುಚೂರು. ಎಸೆಯಬೇಡಿ, ಮಜ್ಜಿಗೆ ಹುಳಿಗೆ ಹೇಳಿ ಮಾಡಿಸಿದ್ದು. ಕಡಲೆಬೇಳೆ, ಕಾಯಿ ರುಬ್ಬಿದ್ದು ಬೆರೆಸಿದ ಮೇಲೆ ಸಣ್ಣ ಉರಿಯಲ್ಲಿ ಒಂದು ಕುದಿ, ಅಷ್ಟೇ.

ಕೇಳುವ ಅಭ್ಯಾಸಕ್ಕೆ ಯುಲೆ (ಅಲ್ಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ) ರೇಡಿಯೊದ ಸೆಲ್ಕೊ ವಾರ್ತೆ, ಸರಳ ಭಾಷೆಯಲ್ಲಿ ಓದುತ್ತಾರೆ, ಐದೇ ನಿಮಿಷ. ಅದನ್ನೂ ಮುಕ್ಕಾಲು ವೇಗಕ್ಕೆ ಇಳಿಸಿ ಕೇಳಿದೆ. ದೊಡ್ಡ ತಪ್ಪು. ನಿಧಾನ ಮಾಡಿದರೆ ಹ್ರಸ್ವವೆಲ್ಲ ದೀರ್ಘವಾಗಿ ಕೇಳುತ್ತದೆ, ಕಿವಿ ಕೆಡುತ್ತದೆ. ಪೂರ್ತಿ ವೇಗದಲ್ಲೇ ಮೂರು ಸಲ ಕೇಳಿ. ಲೈಬ್ರರಿಗಳಲ್ಲಿ ನಡೆಯುವ ಕಿಎಲಿಕಹ್ವಿಲ, ಅಂದರೆ ಭಾಷಾ ಕೆಫೆ, ಪುಕ್ಕಟೆ. ಅಲ್ಲಿ ಕನ್ನಡ ನೋಟ್‌ಬುಕ್ ತೆರೆದಿಟ್ಟರೆ ಸಾಕು, ಮಾತು ತಾನೇ ಶುರುವಾಗುತ್ತದೆ.

ಸಮಯ ಹೇಳುವುದು ಬೇರೆಯೇ ಗುಂಡಿ. "ಪುಒಲಿ ಕೊಲ್ಮೆ", ಅಕ್ಷರಶಃ ಅರ್ಧ ಮೂರು. ಮೂರೂವರೆ ಅಂದುಕೊಂಡು ಹೋದರೆ ಒಂದು ಗಂಟೆ ತಡ, ಅದು ಎರಡೂವರೆ. ಬರಹದಲ್ಲಿ 14.30 ಅಂತಿರುತ್ತದೆ, ತೊಂದರೆಯಿಲ್ಲ.

ಫೋನು ಮಾತ್ರ ಇನ್ನೂ ಪೂರ್ತಿ ಪಳಗಿಲ್ಲ. ಕ್ಲಿನಿಕ್‌ನವರು ತಿರುಗಿ ಕರೆ ಮಾಡಿದಾಗ ಮೊದಲು ಕೇಳುವುದು ಗುರುತಿನ ಸಂಖ್ಯೆ. ಅದನ್ನು ಅಂಕಿ ಅಂಕಿಯಾಗಿ ಬಾಯಿಮಾತಿನ ರೂಪದಲ್ಲಿ ಬರೆದು ಗೋಡೆಗೆ ಅಂಟಿಸಿ: ಯುಕ್ಸ್, ಕಕ್ಸ್, ಕೊಲ್ಮೆ, ನೆಲ್ಯ್ಯಾ, ವೀಸ್, ಕೂಸ್. ಎಂಟು, ಒಂಬತ್ತರಲ್ಲೇ ಎಲ್ಲರೂ ಬೀಳುವುದು. ಕಹೆಕ್ಸನ್, ಯುಹೆಕ್ಸ್ಯಾನ್. ಲೈನಿನಲ್ಲಿ ಮೊದಲ ಅಕ್ಷರ ನುಂಗಿಹೋದರೆ ಎರಡೂ ಒಂದೇ.